ಚಪಲ ದಡದಲ್ಲಿ, ಖುಕ್ರಿ ತಳದಲ್ಲಿ

ಡಿಸೆಂಬರ್ 4 ನೌಕಾಪಡೆಯ ದಿನ. ಕಾರವಾರದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಗಾದಲ್ಲಿ ನೆಲೆ ಬಂದ ಮೇಲೆ ಪೇಟೆಯ ಅಂಗಡಿಯವರಿಗೆ, ಆಟೋದವರಿಗೆ, ಮನೆ ಬಾಡಿಗೆಗೆ ಕೊಟ್ಟವರಿಗೆ ನೇವಿಯ ಸಂಬಳದ ತಾರೀಖು ಸಹ ಬಾಯಿಪಾಠ. ಆದರೆ ಡಿಸೆಂಬರ್ 9? ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿ ನೋಡಿ. 'ಎಂತ ಉಂಟು ಅವತ್ತು?' ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ತಪ್ಪು ಅವರದ್ದಲ್ಲ ಬಿಡಿ. ಗೆದ್ದ ದಿನಕ್ಕೆ ಬಾವುಟ ಇರುತ್ತದೆ, ಬ್ಯಾಂಡು ಇರುತ್ತದೆ, ಭಾಷಣ ಇರುತ್ತದೆ. ಸೋತ ರಾತ್ರಿಗೆ ಇವು ಯಾವುವೂ ಇರುವುದಿಲ್ಲ.

1971ರ ಡಿಸೆಂಬರ್ 9, ಗುರುವಾರ. ರಾತ್ರಿ ಸುಮಾರು 8-50ರ ಹೊತ್ತು. ಗುಜರಾತ್ ಕಡೆಯ ದಿಯು ದ್ವೀಪದಾಚೆ ಅರಬ್ಬಿ ಸಮುದ್ರದಲ್ಲಿ ನಮ್ಮ 'ಖುಕ್ರಿ' ಎಂಬ ಯುದ್ಧನೌಕೆಗೆ ಪಾಕಿಸ್ತಾನದ ಸಬ್‌ಮರೀನು ಬಿಟ್ಟ ಟಾರ್ಪೆಡೊ ಬಡಿಯಿತು. ಕೆಲವೇ ನಿಮಿಷ. ಹಡಗು ನೀರೊಳಗೆ. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಜೀವ ಅದರ ಜೊತೆ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ನೌಕಾಪಡೆ ಯುದ್ಧದಲ್ಲಿ ಕಳೆದುಕೊಂಡ ಯುದ್ಧನೌಕೆ ಇದೊಂದೇ.

ದಿಯು ಎಲ್ಲಿ, ಕಾರವಾರ ಎಲ್ಲಿ, ಈ ಕತೆ ನಮಗೆ ಯಾಕೆ ಎನ್ನುವವರು ಒಂದು ಸಂಜೆ ಟ್ಯಾಗೋರ್ ಕಡಲತೀರಕ್ಕೆ ಹೋಗಿ ಬನ್ನಿ.

ಚಪಲ ಕರಾಚಿಗೆ ಹೋಗಿದ್ದೇ ಇಲ್ಲ

ಅಲ್ಲಿ ಮರಳ ಮೇಲೆ ಬೂದು ಬಣ್ಣದ ಯುದ್ಧನೌಕೆ 'ಚಪಲ' ನಿಂತಿದೆ. 2006ರಿಂದ ಅದು ವಸ್ತುಸಂಗ್ರಹಾಲಯ. ಈಚೆಗೆ ಪಕ್ಕದಲ್ಲಿ ಟುಪೊಲೆವ್ ವಿಮಾನವೂ ಬಂದು ಕೂತಿದೆ. ಶಾಲೆ ಮಕ್ಕಳು ಸಾಲಾಗಿ ಏಣಿ ಹತ್ತುತ್ತಾರೆ, ಹೊಸದಾಗಿ ಮದುವೆಯಾದವರು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಗುಂಪಿನಲ್ಲಿ ಒಬ್ಬರು ಹಿರಿಯರು ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ: 'ಇದೇ ನೋಡ್ರೋ, 71ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು!' ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ. ಪ್ರವಾಸಿಗಳಿಗೆ ಊರು ಪರಿಚಯಿಸುವ ಬರಹಗಳಲ್ಲೂ ಇದೇ ಮಾತು ಸುತ್ತುತ್ತದೆ.

ಮಾತು ಕೇಳಲಿಕ್ಕೆ ಚಂದ. ಆದರೆ ನಿಜ ಅಲ್ಲ ಸ್ವಾಮಿ. ಚಪಲ ನಮ್ಮ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಯುದ್ಧ ಮುಗಿದು ಐದು ವರ್ಷವಾಗಿತ್ತು. ಕರಾಚಿಗೆ ಹೋದದ್ದು ಚಪಲನ ಅಣ್ಣಂದಿರು. ಅದೇ ಸೋವಿಯತ್ ದೇಶದಿಂದ 1971ರಲ್ಲಿ ತಂದ ಎಂಟು ಕ್ಷಿಪಣಿ ದೋಣಿಗಳು. ಅವುಗಳಲ್ಲಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಹೊರಗೆ ಪಾಕಿಸ್ತಾನದ ಹಡಗುಗಳನ್ನು ಮುಳುಗಿಸಿ ಬಂದವು. ಡಿಸೆಂಬರ್ 8ರ ರಾತ್ರಿ ಮತ್ತೆ 'ವಿನಾಶ್' ಹೋಗಿ ಕ್ಷಿಪಣಿ ಬಿಟ್ಟಿತು. ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ನೌಕಾಪಡೆಯ ದಿನ ಡಿಸೆಂಬರ್ 4ಕ್ಕೆ ಬಂದದ್ದು ಈ ಮೊದಲ ರಾತ್ರಿಯ ನೆನಪಿಗೆ.

ಇದರಿಂದ ಚಪಲನ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ. ಮೂವತ್ತು ವರ್ಷದ ಹತ್ತಿರ ದುಡಿದ ದೋಣಿ ಅದು. ನನ್ನ ತಕರಾರು ಬೇರೆ. ಇಲ್ಲದ ಪರಾಕ್ರಮವನ್ನು ಕಟ್ಟಿ ಹೇಳುವಷ್ಟು ಉತ್ಸಾಹ ನಮಗಿದೆ. ವಿನಾಶ್ ದಾಳಿಯ ಮರುದಿನ ರಾತ್ರಿ ಅದೇ ಸಮುದ್ರದಲ್ಲಿ ನಡೆದದ್ದನ್ನು ಹೇಳುವ ಬಾಯಿ ಮಾತ್ರ ಇಲ್ಲ.

ಕಿವಿಯ ಯುದ್ಧ

ಡಿಸೆಂಬರ್ 3ಕ್ಕೆ ಪಶ್ಚಿಮದ ಗಡಿಯಲ್ಲೂ ಯುದ್ಧ ಶುರುವಾಗಿತ್ತು. ಬೊಂಬಾಯಿಯ ನೌಕಾ ಕಚೇರಿಗೆ ಒಂದು ಸುಳಿವು ಸಿಕ್ಕಿತು: ದಿಯು ಕಡೆ ನೀರಿನಡಿ ಪಾಕಿಸ್ತಾನದ ಸಬ್‌ಮರೀನು ಓಡಾಡುತ್ತಿದೆ, ಅದರ ರೇಡಿಯೋ ಸಂದೇಶ ಕಿವಿಗೆ ಬಿದ್ದಿದೆ. ಅದನ್ನು ಹುಡುಕಿ ಹೊಡೆಯಲಿಕ್ಕೆ 14ನೇ ಫ್ರಿಗೇಟ್ ದಳಕ್ಕೆ ಅಪ್ಪಣೆಯಾಯಿತು. ಈ ದಳದಲ್ಲಿ ಖುಕ್ರಿ, ಕೃಪಾಣ್, ಕುಠಾರ್ ಎಂಬ ಮೂರು ಹಡಗು. ಗೂರ್ಖರ ಕತ್ತಿ, ಸಿಖ್ಖರ ಕತ್ತಿ, ಕೊಡಲಿ. ಹೆಸರಿಟ್ಟವರಿಗೆ ಆಯುಧದ ಮೇಲೆ ಪ್ರೀತಿ ಇದ್ದಿರಬೇಕು. ಕುಠಾರ್ ಬಾಯ್ಲರ್ ಅವಘಡದಿಂದ ಬೊಂಬಾಯಿಯಲ್ಲೇ ಉಳಿಯಿತು. ಹೊರಟದ್ದು ಎರಡೇ.

ಖುಕ್ರಿ ಇಂಗ್ಲೆಂಡಿನಲ್ಲಿ ಕಟ್ಟಿ 1958ರಲ್ಲಿ ನಮ್ಮ ಸೇವೆಗೆ ಬಂದ ಹಡಗು. ಸಬ್‌ಮರೀನು ಬೇಟೆಗೆಂದೇ ಮಾಡಿದ್ದು. ಆದರೆ ಎದುರಿಗೆ ಇದ್ದದ್ದು 'ಹಂಗೋರ್'. ಫ್ರೆಂಚರು ಕಟ್ಟಿಕೊಟ್ಟ ಹೊಸ ನಮೂನೆಯ ಸಬ್‌ಮರೀನು. ನಾಯಕ ಕಮಾಂಡರ್ ಅಹಮದ್ ತಸ್ನೀಮ್.

ಈ ಬೇಟೆ ಕಣ್ಣಿನದ್ದಲ್ಲ, ಕಿವಿಯದ್ದು. ಘಟ್ಟದಲ್ಲಿ ನಿಂತು ಕೂ ಹಾಕಿದರೆ ಎದುರು ಗುಡ್ಡದಿಂದ ತಿರುಗಿ ಕೂ ಬರುತ್ತದಲ್ಲ, ಹಡಗು ನೀರಿನೊಳಗೆ ಹಾಗೇ ಕೂ ಹಾಕುತ್ತದೆ. ಎಲ್ಲಾದರೂ ಕಬ್ಬಿಣದ ಮೈಗೆ ತಾಗಿ ಶಬ್ದ ತಿರುಗಿ ಬಂದರೆ, ಅಲ್ಲಿ ಸಬ್‌ಮರೀನು. ಬಂದರಿನಲ್ಲಿ ಬೋಟಿನವರು ಮೀನಿನ ಗುಂಪು ನೋಡಲಿಕ್ಕೆ ಇಟ್ಟುಕೊಂಡ 'ಫಿಶ್ ಫೈಂಡರ್' ಇದರದ್ದೇ ತಮ್ಮ. ನೌಕಾಪಡೆಯ ಭಾಷೆಯಲ್ಲಿ ಇದಕ್ಕೆ ಸೋನಾರ್ ಅಂತ ಹೆಸರು. ಹಂಗೋರ್‌ನ ಕಿವಿ ಬಹಳ ದೂರದ್ದನ್ನು ಕೇಳುತ್ತಿತ್ತು. ಖುಕ್ರಿಯ ಕಿವಿ ಅಷ್ಟು ದೂರ ಹೋಗುತ್ತಿರಲಿಲ್ಲ. ಬೇಟೆಗಾರ ಯಾರು, ಬೇಟೆ ಯಾರು ಎಂಬುದು ಬಂದರು ಬಿಡುವಾಗಲೇ ಅರ್ಧ ತೀರ್ಮಾನವಾಗಿತ್ತು ಎಂದರೆ ಹೆಚ್ಚಾಗಲಿಕ್ಕಿಲ್ಲ.

ಕಿವಿಯ ಈ ಕೊರತೆ ತುಂಬಲಿಕ್ಕೆಂದು ಲೆಫ್ಟಿನೆಂಟ್ ವಿ.ಕೆ. ಜೈನ್ ಎಂಬ ತರುಣ ಅಧಿಕಾರಿ ಒಂದು ಉಪಕರಣ ತಯಾರಿಸಿದ್ದರು. ಅದನ್ನು ಖುಕ್ರಿಗೆ ಜೋಡಿಸಿ ಪರೀಕ್ಷೆ ನಡೆದಿತ್ತು. ಪರೀಕ್ಷೆಗೆ ಹಡಗು ನಿಧಾನ ಹೋಗಬೇಕು. ಯಾಕೆಂದರೆ ಜೋರಾಗಿ ಹೋದರೆ ತನ್ನದೇ ಎಂಜಿನ್ನಿನ ಗದ್ದಲದಲ್ಲಿ ದೂರದ ಸದ್ದು ಕೇಳುವುದಿಲ್ಲ. ಹೊಸದಾಗಿ ಗೇರು ಬದಲಿಸುವಾಗ ಬಸ್ಸಿನ ಹಿಂದಿನ ಸೀಟಿನವರಿಗೆ ಕಂಡಕ್ಟರನ ಮಾತು ಕೇಳಿಸುತ್ತದೆಯೇ? ಹಾಗೆ. ಆದರೆ ಸಬ್‌ಮರೀನು ಇರುವ ನೀರಿನಲ್ಲಿ ನಿಧಾನ ಹೋಗುವ ಹಡಗಿಗೆ ಗುರಿ ಇಡುವುದು ಸುಲಭ. ಕೇಳಬೇಕೆಂದರೆ ನಿಧಾನ ಹೋಗಬೇಕು, ಬದುಕಬೇಕೆಂದರೆ ಬೇಗ ಹೋಗಬೇಕು. ಈ ಇಕ್ಕಟ್ಟಿನಲ್ಲೇ ಖುಕ್ರಿ ಇತ್ತು. ಜೈನ್ ಅವರೂ ಆ ರಾತ್ರಿ ಹಡಗಿನೊಂದಿಗೆ ಹೋದರು.

ಹಂಗೋರ್ ಮೊದಲ ಟಾರ್ಪೆಡೊ ಬಿಟ್ಟದ್ದು ಕೃಪಾಣ್ ಮೇಲೆ. ಅದು ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ. ಅದು ತಪ್ಪಲಿಲ್ಲ.

ಸೇತುವೆಯ ಮೇಲಿನ ಮನುಷ್ಯ

ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ. ಹೆಸರು ನೋಡಿ ಜಾತಿ ಹುಡುಕುವ ಚಟ ನಮ್ಮಲ್ಲಿ ಹೋಗಿಲ್ಲ. ಮುಲ್ಲಾ ಎಂದ ಕೂಡಲೇ ಮನಸ್ಸು ಒಂದು ಕಡೆ ಓಡುತ್ತದೆ. ಅವರು ಕಾಶ್ಮೀರಿ ಪಂಡಿತರು. ಉತ್ತರ ಪ್ರದೇಶದಲ್ಲಿ ನೆಲೆನಿಂತ ವಕೀಲರ, ನ್ಯಾಯಾಧೀಶರ ಮನೆತನ. 1926ರಲ್ಲಿ ಗೋರಖಪುರದಲ್ಲಿ ಹುಟ್ಟಿದ್ದು. ಸಮುದ್ರ ಎಲ್ಲಿಂದ ಎಲ್ಲಿಗೆ! ಮನೆಯವರ ಹಾದಿ ಹಿಡಿದಿದ್ದರೆ ಅಲಹಾಬಾದಿನಲ್ಲೋ ಲಖನೌದಲ್ಲೋ ಕರಿ ಕೋಟು ಹಾಕಿ ಆರಾಮವಾಗಿ ಇರುತ್ತಿದ್ದರು. 1948ರಲ್ಲಿ ನೌಕಾಪಡೆಯ ಅಧಿಕಾರಿಯಾದರು. ಲಂಡನ್ನಿನ ನಮ್ಮ ಹೈಕಮಿಷನ್ನಿನಲ್ಲೂ ಕೆಲಸ ಮಾಡಿ ಬಂದವರು. ಖುಕ್ರಿಯ ಹೊಣೆ ವಹಿಸಿಕೊಂಡದ್ದು 1971ರಲ್ಲೇ. ಆ ಡಿಸೆಂಬರಿಗೆ ವಯಸ್ಸು 45.

ಹಡಗಿನ ಮೇಲೆ ಕ್ಯಾಪ್ಟನ್ ನಿಂತು ಆಜ್ಞೆ ಕೊಡುವ ಎತ್ತರದ ಜಾಗಕ್ಕೆ 'ಬ್ರಿಜ್' ಅನ್ನುತ್ತಾರೆ. ಸ್ಫೋಟ ಆದಾಗ ಹಡಗು ಉಳಿಯುವುದಿಲ್ಲ ಎಂದು ಮುಲ್ಲಾ ಅವರಿಗೆ ತಿಳಿಯಲು ಹೊತ್ತು ಬೇಕಾಗಲಿಲ್ಲ. ತಮ್ಮ ಕೈಕೆಳಗಿನ ಅಧಿಕಾರಿಗೆ ಹೇಳಿದರು: ದೋಣಿ, ತೇಲುಬೆಂಡು ಏನಿದೆಯೋ ಎಲ್ಲಾ ನೀರಿಗೆ ಬಿಡಿ, ಜನರನ್ನು ಇಳಿಸಿ. ಕಣ್ಣಿಗೆ ಕಂಡವರನ್ನು ಹಡಗಿನಿಂದ ಹೊರಗೆ ಕಳಿಸಿದರು. ತಮ್ಮ ಪ್ರಾಣರಕ್ಷಕ ಜಾಕೆಟನ್ನು ಒಬ್ಬ ನಾವಿಕನಿಗೆ ಕೊಟ್ಟರು. ಆಮೇಲೆ ಬ್ರಿಜ್‌ಗೆ ತಿರುಗಿ ಹೋದರು, ಇನ್ನೂ ಯಾರನ್ನಾದರೂ ಉಳಿಸಬಹುದೇ ಎಂದು ನೋಡಲಿಕ್ಕೆ. ಹಡಗಿನ ಜೊತೆಗೇ ಇಳಿದು ಹೋದದ್ದನ್ನು ಬದುಕಿ ಬಂದವರು ನೋಡಿದ್ದಾರೆ. ಸರಕಾರ ಅವರಿಗೆ ಮಹಾವೀರ ಚಕ್ರ ಕೊಟ್ಟಿತು.

ಬೇರೆ ಬೇರೆಯವರು ಈ ಕೊನೆಯ ಕ್ಷಣವನ್ನು ಬೇರೆ ಬೇರೆ ಬಣ್ಣದಲ್ಲಿ ಬರೆದಿದ್ದಾರೆ. ನನಗೆ ಆ ಬಣ್ಣ ಬೇಡ. ಕತ್ತಲು, ಎಣ್ಣೆ ತುಂಬಿದ ನೀರು, ಒಂದು ಬದಿಗೆ ವಾಲುವ ಕಬ್ಬಿಣ. ಅದರ ನಡುವೆ ಒಬ್ಬ ಮನುಷ್ಯ ತನ್ನ ಜಾಕೆಟು ಬಿಚ್ಚಿ ಇನ್ನೊಬ್ಬನಿಗೆ ಕೊಟ್ಟ. ಅಷ್ಟೇ ಸಾಕು. ಜಾಕೆಟು ಬಿಚ್ಚಲಿಕ್ಕೆ ಹತ್ತು ಸೆಕೆಂಡು ಹಿಡಿದೀತು. ಆ ಹತ್ತು ಸೆಕೆಂಡು ಅವರ ಬಳಿ ಇತ್ತು, ಯೋಚನೆ ಬದಲಿಸಬಹುದಿತ್ತು. ಬದಲಿಸಲಿಲ್ಲ.

ಕೆಳಗಿನ ಅಂತಸ್ತಿನವರು

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಬ್ರಿಜ್ ಹಡಗಿನ ಎತ್ತರದ ಜಾಗ. ಅಲ್ಲಿದ್ದವರಿಗೆ ಆಕಾಶ ಕಾಣುತ್ತದೆ. ಖುಕ್ರಿಯ ಬಹುಪಾಲು ಜನ ಅಲ್ಲಿರಲಿಲ್ಲ. ಯಾವುದೇ ಯುದ್ಧನೌಕೆಯಲ್ಲಿ ಎಂಜಿನ್ ನೋಡುವವ, ಬಾಯ್ಲರಿನ ಬೆಂಕಿ ಕಾಯುವವ, ಕರೆಂಟಿನವ, ರೇಡಿಯೋದವ, ಅಡಿಗೆಯವ, ತಟ್ಟೆ ಎತ್ತುವವ, ಪಾಯಖಾನೆ ತೊಳೆಯುವವ ಎಲ್ಲ ಇರುತ್ತಾರೆ. ಅವರ ಜಾಗ ನೀರಿನ ಮಟ್ಟದ ಹತ್ತಿರ, ಇಲ್ಲವೇ ಅದರ ಕೆಳಗೆ. ಮೇಲೆ ಬರಲಿಕ್ಕೆ ಇರುವುದು ಒಬ್ಬರೇ ಹತ್ತಬಹುದಾದ ಕಬ್ಬಿಣದ ಏಣಿ, ಒಬ್ಬರೇ ತೂರಬಹುದಾದ ಬಾಗಿಲು.

ಚಪಲನ ಒಳಗೆ ಇಳಿದು ನೋಡಿದವರಿಗೆ ಗೊತ್ತು. ಹಗಲು ಹೊತ್ತಿನಲ್ಲಿ, ದೀಪ ಉರಿಯುವಾಗ, ಹಡಗು ಅಲ್ಲಾಡದೆ ಮರಳಿನ ಮೇಲೆ ನಿಂತಿರುವಾಗಲೇ ತಲೆಗೆ ಕಬ್ಬಿಣ ತಾಗುತ್ತದೆ. ದಪ್ಪ ಹೊಟ್ಟೆಯ ನಮ್ಮ ಕೆಲವು ವ್ಯಾಪಾರಿ ಮಿತ್ರರು ಅರ್ಧಕ್ಕೇ ತಿರುಗಿ ಬಂದದ್ದುಂಟು. ಅದೇ ಏಣಿಯನ್ನು ದೀಪ ಇಲ್ಲದೆ, ಹಡಗು ವಾಲಿಕೊಂಡಿರುವಾಗ, ಕಾಲಿನ ಕೆಳಗಿಂದ ನೀರು ಏರಿ ಬರುವಾಗ, ಹಿಂದೆ ಮುಂದೆ ಹತ್ತಾರು ಜನ ಇರುವಾಗ ಹತ್ತಬೇಕು. ಸಮಯ ಎಷ್ಟು? ಚಹಾ ಕುಡಿದು ಮುಗಿಸುವಷ್ಟೂ ಇಲ್ಲ.

ಜಾಕೆಟು ತೊಡಿಸಲು ಕ್ಯಾಪ್ಟನ್ ಎದುರಿಗೆ ಸಿಕ್ಕವರು ಪುಣ್ಯವಂತರು. ಏಣಿಯ ಬುಡದಲ್ಲಿ ಉಳಿದವನ ಧೈರ್ಯವನ್ನು ನೋಡಲಿಕ್ಕೆ ಯಾರೂ ಇರಲಿಲ್ಲ. ಅವನೂ ಪಕ್ಕದವನನ್ನು ಮೊದಲು ಹತ್ತಿಸಿರಬಹುದು. ಹೇಳುವವರು ಯಾರು? ಪದಕಕ್ಕೆ ಸಾಕ್ಷಿ ಬೇಕು. ಸಾಕ್ಷಿ ಹೇಳಬೇಕಾದವರೂ ಅವನ ಜೊತೆಗೇ ಹೋದರು. ಕ್ಯಾಪ್ಟನ್‌ಗೆ ಸಿಕ್ಕ ಗೌರವ ಒಂದು ತೂಕವೂ ಹೆಚ್ಚಲ್ಲ. ಉಳಿದವರಿಗೆ ಸಿಕ್ಕದ್ದು ಕಡಿಮೆ, ಅಷ್ಟೇ ನನ್ನ ವಾದ.

ಕೃಪಾಣ್ ಆ ರಾತ್ರಿ ಅಲ್ಲಿ ನಿಲ್ಲುವಂತಿರಲಿಲ್ಲ. ಅದರ ಮೇಲೂ ಟಾರ್ಪೆಡೊ ಬಂತು, ತಿರುಗಿ ದೂರ ಹೋಗಿ ಉಳಿಯಿತು. ಮರುದಿನ 'ಕಛ್ಛಲ್' ಎಂಬ ಹಡಗು ಬಂದು ನೀರಿನಲ್ಲಿ ತೇಲುತ್ತಿದ್ದವರನ್ನು ಎತ್ತಿಕೊಂಡಿತು. ಸಿಕ್ಕವರು 67 ಮಂದಿ. ಆರು ಅಧಿಕಾರಿಗಳು, 61 ನಾವಿಕರು. ಡಿಸೆಂಬರಿನ ರಾತ್ರಿ ಇಡೀ ಅವರು ಸಮುದ್ರದಲ್ಲಿ ಕಳೆದಿದ್ದರು. ಹಂಗೋರ್ ಬೇಟೆಗೆ ನಮ್ಮವರು ಹಡಗು, ವಿಮಾನ ಎಲ್ಲಾ ಬಿಟ್ಟರು. ಅದು ತಪ್ಪಿಸಿಕೊಂಡು ಕರಾಚಿ ಸೇರಿತು.

ಒಂದು ವಾರಕ್ಕೆ, ಡಿಸೆಂಬರ್ 16ರಂದು, ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ದೇಶದ ತುಂಬಾ ಪೆಡೆ, ಪಟಾಕಿ. ಆ ಸದ್ದಿನಲ್ಲಿ 194 ಮನೆಗಳ ಅಳು ಯಾರಿಗೆ ಕೇಳಬೇಕು?

ದಡಕ್ಕೆ ಬಾರದವರು

ಭೂಮಿಯ ಮೇಲೆ ಸತ್ತ ಸೈನಿಕನ ಹೆಣವಾದರೂ ಊರಿಗೆ ಬರುತ್ತದೆ. ಈಗಂತೂ ತ್ರಿವರ್ಣ ಹೊದಿಸಿ, ಲಾರಿ ಅಲಂಕರಿಸಿ, ಊರಿಗೆ ಊರೇ ಸೇರುತ್ತದೆ. ಸಮುದ್ರದಲ್ಲಿ ಹೋದವನಿಗೆ ಇದು ಇಲ್ಲ. ಮನೆಗೆ ಬರುವುದು ಒಂದು ತಂತಿ. ಅದರಲ್ಲಿ 'ಸತ್ತಿದ್ದಾರೆ' ಎಂಬ ಖಚಿತ ಮಾತೂ ಇರುವುದಿಲ್ಲ. ಕಾಣೆಯಾಗಿದ್ದಾರೆ, ಸತ್ತಿರಬಹುದೆಂದು ಭಾವಿಸಲಾಗಿದೆ ಎಂಬ ಸರಕಾರಿ ಭಾಷೆ. ಆ 'ಭಾವಿಸಲಾಗಿದೆ' ಎಂಬ ಒಂದು ಶಬ್ದ ಹಿಡಿದುಕೊಂಡು ತಾಯಿ ಎಷ್ಟು ವರ್ಷ ಬಾಗಿಲು ನೋಡುತ್ತಾಳೋ.

ಇದನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕೆ? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಏಳರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. ವಾರವಾಯಿತು, ತಿಂಗಳಾಯಿತು. ಹೆದ್ದಾರಿ ತಡೆದರು, ಮಂತ್ರಿಗಳ ಮನೆಗೆ ಹೋದರು. ಯಾರೋ ಹಿಡಿದುಕೊಂಡು ಹೋಗಿರಬಹುದು, ಯಾವುದೋ ದಡದಲ್ಲಿ ಇರಬಹುದು ಎಂಬ ಆಸೆ. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣ್ ಆಚೆ ನೀರಿನ ತಳದಲ್ಲಿ ಬೋಟಿನ ಅವಶೇಷ ಪತ್ತೆ ಹಚ್ಚಿತು. ಬೋಟು ಸಿಕ್ಕಿತು ಎಂಬ ಸುದ್ದಿ ಬಂದ ದಿನ ಆ ಮನೆಗಳಲ್ಲಿ ಏನು ಆಗಿರಬೇಕು ಎಂದು ಪತ್ರಿಕೆಯವನು ಬರೆಯಬಾರದು. ಕೆಲವಕ್ಕೆ ಬರವಣಿಗೆ ಸಾಲದು.

ಕಾನೂನು ಹೇಳುತ್ತದೆ: ಏಳು ವರ್ಷ ಸುದ್ದಿಯೇ ಇಲ್ಲದವನು ಸತ್ತನೆಂದು ತಿಳಿಯಬಹುದು. ಶಾಸ್ತ್ರ ಹೇಳುತ್ತದೆ: ಹೆಣ ಸಿಗದಿದ್ದರೆ ದರ್ಭೆಯಿಂದ ಒಂದು ಆಕಾರ ಮಾಡಿ ಅದಕ್ಕೇ ಸಂಸ್ಕಾರ ಮಾಡಿ. ಎರಡೂ ಬದುಕಿದವರಿಗಾಗಿ ಮಾಡಿದ ವ್ಯವಸ್ಥೆ. ಇಲ್ಲಿಗೆ ಮುಗಿಯಿತು ಎಂದು ಯಾರಾದರೂ ಹೇಳಬೇಕಲ್ಲ. ಆದರೆ ಮುಗಿಸಲಿಕ್ಕೆ ಒಂದು ಜಾಗ ಬೇಕು. ಹೂ ಇಡಲಿಕ್ಕೆ, ಮಗನಿಗೆ ಬೊಟ್ಟು ಮಾಡಿ ತೋರಿಸಲಿಕ್ಕೆ ಒಂದು ಕಲ್ಲು ಬೇಕು. ಸಮುದ್ರದ ಮೇಲೆ ಎಲ್ಲಿ ಕಲ್ಲು ನೆಡುತ್ತೀರಿ?

ಹಿಂದಿನ ಯುದ್ಧದಲ್ಲೂ ಇದೇ ಪಾಡು. 1939ರಿಂದ 45ರ ಮಹಾಯುದ್ಧದಲ್ಲಿ ಬ್ರಿಟಿಷರ ಹಡಗುಗಳಲ್ಲಿ ಖಲಾಸಿ, ಅಡಿಗೆಯವ, ಬೆಂಕಿಯವ ಎಂದು ದುಡಿದ ಭಾರತೀಯರು ಸಾವಿರಾರು. ಸಂಬಳ ಬಿಳಿಯ ನಾವಿಕನಿಗಿಂತ ಎಷ್ಟೋ ಕಡಿಮೆ. ಟಾರ್ಪೆಡೊ ಮಾತ್ರ ಸಮಾನವಾಗಿ ಸಿಗುತ್ತಿತ್ತು. ಹೋದವರಿಗೆ, ಅಂದಿನ ನೌಕಾಪಡೆಯವರನ್ನೂ ಸೇರಿಸಿ, ಬೊಂಬಾಯಿಯಲ್ಲಿ ಸ್ಮಾರಕ ಎಂದು ಇರುವುದು ಒಂದು ಪುಸ್ತಕ. ಆರು ಸಾವಿರಕ್ಕೂ ಹೆಚ್ಚು ಹೆಸರು ಅದರಲ್ಲಿ ಸಾಲಾಗಿವೆ. ಅದರದ್ದೇ ಇನ್ನೊಂದು ಪ್ರತಿ ಚಿತ್ತಗಾಂಗಿನಲ್ಲಿದೆ. ಗೋರಿ ಇಲ್ಲದವರಿಗೆ ಪುಟದಲ್ಲೊಂದು ಸಾಲು. ಅದೂ ದೊಡ್ಡದೇ ಅನ್ನಬೇಕು. ಹೆಸರು ಬರೆದಿಟ್ಟಿದ್ದಾರಲ್ಲ.

ಹೊಡೆದ ಹಡಗು ಮೇಲೆ, ಏಟು ತಿಂದದ್ದು ಕೆಳಗೆ

ಖುಕ್ರಿಯನ್ನು ಹೊಡೆದ ಹಂಗೋರ್ ಈಗ ಎಲ್ಲಿದೆ ಗೊತ್ತೇ? ಕರಾಚಿಯ ನೌಕಾ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿನ ಮಕ್ಕಳೂ ನಮ್ಮ ಮಕ್ಕಳ ಹಾಗೇ ಏಣಿ ಹತ್ತಿ ನೋಡುತ್ತಾರೆ. ಅಲ್ಲಿಯ ಹಿರಿಯರೂ ಗಂಟಲು ಸರಿಮಾಡಿಕೊಂಡು ಕತೆ ಹೇಳುತ್ತಿರಬೇಕು. ಅವರ ಕತೆ ನಿಜ, ಚಪಲನ ಕತೆ ಕಟ್ಟಿದ್ದು ಎಂಬಷ್ಟೇ ವ್ಯತ್ಯಾಸ! ಹೊಡೆದ ಹಡಗುಗಳು ಬಣ್ಣ ಬಳಿದುಕೊಂಡು ದಡದಲ್ಲಿ ನಿಲ್ಲುತ್ತವೆ, ಟಿಕೀಟು ಸಂಪಾದಿಸುತ್ತವೆ. ಏಟು ತಿಂದ ಹಡಗು ತನ್ನ ಜನರನ್ನು ಹೊಟ್ಟೆಯಲ್ಲಿಟ್ಟುಕೊಂಡು ತಳದಲ್ಲಿ ಮಲಗಿರುತ್ತದೆ. ಅದನ್ನು ನೋಡಲಿಕ್ಕೆ ಟಿಕೀಟು ಇಲ್ಲ.

ದಿಯುದವರು ಮಾತ್ರ ಮರೆತಿಲ್ಲ. 1999ರಲ್ಲಿ ಅಲ್ಲಿ ಸಮುದ್ರಕ್ಕೆ ಮುಖ ಮಾಡಿದ ದಿಬ್ಬದ ಮೇಲೆ ಸ್ಮಾರಕ ಆಯಿತು. ಗಾಜಿನ ಪೆಟ್ಟಿಗೆಯೊಳಗೆ ಖುಕ್ರಿಯ ಮಾದರಿ. ಅದೇ ಹೆಸರಿನ ಎರಡನೆಯ ಖುಕ್ರಿ 1989ರಲ್ಲಿ ನೌಕಾಪಡೆಗೆ ಸೇರಿತ್ತು. ಆ ಸಮಾರಂಭಕ್ಕೆ ರಕ್ಷಣಾ ಮಂತ್ರಿ ಕೆ.ಸಿ. ಪಂತ್ ಜೊತೆಗೆ ಮುಲ್ಲಾ ಅವರ ಪತ್ನಿ ಸುಧಾ ಮುಲ್ಲಾ ಕೂಡ ಬಂದಿದ್ದರು. ಮೂವತ್ತೆರಡು ವರ್ಷ ದುಡಿದ ಈ ಖುಕ್ರಿ 2021ರ ಡಿಸೆಂಬರಿನಲ್ಲಿ ನಿವೃತ್ತಿಯಾಯಿತು. ಅದನ್ನು ಗುಜರಿಗೆ ಹಾಕಲಿಲ್ಲ. 2022ರ ಜನವರಿ 26ರಂದು ದಿಯು ಆಡಳಿತಕ್ಕೇ ಒಪ್ಪಿಸಿದರು. ಅಣ್ಣ ಮುಳುಗಿದ ನೀರಿನ ದಡಕ್ಕೆ ತಮ್ಮ ಬಂದು ನಿಂತ ಹಾಗೆ. ಸರಕಾರಿ ಕೆಲಸಗಳಲ್ಲಿ ಇಷ್ಟು ಹದವಾದದ್ದು ಅಪರೂಪಕ್ಕೆ ನಡೆಯುತ್ತದೆ, ನಡೆದಾಗ ಹೇಳಬೇಕು.

ಪ್ರಶ್ನೆಗಳು ಉಳಿದಿವೆ. ಸೈನ್ಯದ ಮೇಜರ್ ಜನರಲ್ ಆಗಿದ್ದ ಇಯಾನ್ ಕಾರ್ಡೋಜೊ ಅವರು ಬದುಕಿ ಬಂದವರನ್ನು ಹುಡುಕಿ ಮಾತಾಡಿಸಿ 2006ರಲ್ಲಿ ಒಂದು ಪುಸ್ತಕವನ್ನೇ ತಂದರು. ಹೊಸ ಸಬ್‌ಮರೀನಿನ ಎದುರು ಹಳೆ ಕಿವಿಯ ಹಡಗುಗಳನ್ನು ಯಾಕೆ ಕಳಿಸಿದರು? ಶತ್ರು ಇರುವ ನೀರಿನಲ್ಲೇ ಉಪಕರಣದ ಪರೀಕ್ಷೆ ಬೇಕಿತ್ತೇ? ಯುದ್ಧದ ಹೊತ್ತಿನಲ್ಲಿ ಇದ್ದದ್ದರಲ್ಲೇ ಹೋಗಬೇಕಾಗುತ್ತದೆ ಎನ್ನುವವರೂ ಇದ್ದಾರೆ. ಅದೂ ಸುಳ್ಳಲ್ಲ. ದಡದಲ್ಲಿ ಕೂತು ಐವತ್ತು ವರ್ಷದ ನಂತರ ತೀರ್ಪು ಕೊಡುವುದು ಸುಲಭ. ಆದರೆ ಇಂಥ ಪ್ರಶ್ನೆ ಕೇಳಿದ ಕೂಡಲೇ 'ದೇಶದ ವಿಷಯ, ಸುಮ್ಮನಿರಿ' ಎನ್ನುವ ಜಾತಿಯವರನ್ನು ನಾನು ಒಪ್ಪುವುದಿಲ್ಲ. ಹುತಾತ್ಮ ಎಂಬ ಶಬ್ದ ಬಳಸಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಸತ್ತವರ ಮೇಲೆ ಗೌರವ ಇದ್ದರೆ ಅವರು ಹೇಗೆ ಸತ್ತರು ಎಂದು ಕೇಳಬೇಕು.

ಈ ಮಾತು ಕೇಳುವ ಹಕ್ಕು ಕಾರವಾರದವರಿಗೆ ಬೇರೆ ಊರಿನವರಿಗಿಂತ ಒಂದು ಕೈ ಹೆಚ್ಚೇ ಇದೆ. ಸೀಬರ್ಡ್ ನೆಲೆಗೆ ಮನೆ, ಗದ್ದೆ, ತೋಟ, ದೋಣಿ ಎಳೆಯುವ ಮರಳು ದಂಡೆ ಎಲ್ಲಾ ಬಿಟ್ಟುಕೊಟ್ಟವರು ನಾವು. ಪರಿಹಾರಕ್ಕಾಗಿ ಕೋರ್ಟು ಮೆಟ್ಟಿಲು ಸವೆಸಿದವರೂ ನಮ್ಮವರೇ. ನೇವಿ ನಮಗೆ ಬರೀ ಮೆರವಣಿಗೆ ಅಲ್ಲ, ನೆರೆಮನೆ. ನೆರೆಮನೆಯ ಮದುವೆಗೆ ಹೋಗುತ್ತೇವೆ ಅಂದಮೇಲೆ ಅವರ ಸಾವಿನ ದಿನವೂ ನೆನಪಿರಬೇಕಲ್ಲ.

ನನ್ನದು ಸಣ್ಣ ಕೇಳಿಕೆ. ನಗರಸಭೆಯವರು, ಜಿಲ್ಲಾಡಳಿತದವರು, ನೆಲೆಯ ಅಧಿಕಾರಿಗಳು ಮೂವರೂ ಈ ಕಾಲಮ್ಮು ಓದುತ್ತಾರೆಂದು ಕೇಳಿದ್ದೇನೆ. ಓದದಿದ್ದರೆ ಓದಿದವರು ಹೇಳಿ. ಚಪಲನ ಪಕ್ಕ ಒಂದು ಫಲಕ ಹಾಕಿ. ಒಂದು ಬದಿಗೆ ಚಪಲ ಸೇವೆಗೆ ಬಂದದ್ದು 1976 ಎಂದು ಸರಿಯಾಗಿ ಬರೆಯಿರಿ. ಮಕ್ಕಳಿಗೆ ಸುಳ್ಳು ಹೇಳುವುದು ನಿಲ್ಲಲಿ. ಇನ್ನೊಂದು ಬದಿಗೆ ಖುಕ್ರಿಯ 194 ಹೆಸರು, ಕನ್ನಡ ಲಿಪಿಯಲ್ಲಿ. ಕ್ಯಾಪ್ಟನ್ ಹೆಸರು ಮೇಲೆ, ಉಳಿದವರದ್ದು ಕೆಳಗೆ ಎಂಬ ಶ್ರೇಣಿ ಬೇಡ. ಅಕ್ಷರ ಮಾಲೆಯ ಪ್ರಕಾರ ಬರಲಿ. ಅಡಿಗೆಯವನ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರು ಬಂದರೆ, ಜಾಕೆಟು ಬಿಚ್ಚಿ ಕೊಟ್ಟ ಮನುಷ್ಯ ಬೇಸರ ಮಾಡಿಕೊಳ್ಳುವವರಲ್ಲ. ಖರ್ಚು ಎಷ್ಟಾದೀತು? ಒಂದು ಸ್ವಾಗತ ಕಮಾನಿನಷ್ಟೂ ಇಲ್ಲ. ಪುಢಾರಿಗಳ ಫೋಟೋ ಹಾಕದಿದ್ದರೆ ಇನ್ನೂ ಕಡಿಮೆ.

ಅಂಕೋಲಾ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರಿಗೆ ಒಂದು ಸೂಚನೆ. ಬಿಣಗಾ ದಾಟಿ ಪೇಟೆ ಹತ್ತಿರವಾದಾಗ ಎಡಗಡೆ ಕಿಟಕಿ ಹಿಡಿಯಿರಿ. ಚಪಲ ಕಾಣುತ್ತದೆ, ಮೈಮೇಲೆ ಕೆ-94 ಎಂದು ಸಂಖ್ಯೆ. ಅದರ ಹಿಂದೆ ನೀರು. ಆ ನೀರಿನ ಮೇಲೆ ಬಲಕ್ಕೆ, ವಾಯವ್ಯ ದಿಕ್ಕಿಗೆ, ಗೆರೆ ಎಳೆದರೆ ಏಳುನೂರು ಚಿಲ್ಲರೆ ಕಿಲೋಮೀಟರಿಗೆ ದಿಯು. ನಡುವೆ ಗೋಡೆ ಇಲ್ಲ, ಗಡಿ ಇಲ್ಲ. ಎಲ್ಲಾ ಒಂದೇ ಅರಬ್ಬಿ ಸಮುದ್ರ.